ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್ ಸೆಟ್ ಆರಿಸುವುದು ಹೇಗೆ?

ಗಾಲ್ಫಿನಲ್ಲಿ ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ, ಅದರಲ್ಲಿ ಲೋಹದ ಚಪ್ಪಟೆ ತಲೆಯದ್ದೇ ಐರನ್. ನನ್ನ ಮೊದಲ ಐರನ್ ಸೆಟ್ ನೋಡಲು ಬಲು ಚೆಂದವಿತ್ತು. ತೆಳ್ಳಗಿನ ತಲೆ, ಕನ್ನಡಿಯಂಥ ಹೊಳಪು, ನುಣ್ಣನೆಯ ಬೆನ್ನು. ಆಫೀಸಿನ ಹಿರಿಯರೊಬ್ಬರು ಹೊಸದು ತಗೊಂಡಾಗ ಹಳೆಯದನ್ನು ಕಡಿಮೆ ಬೆಲೆಗೆ ನನಗೆ ಕೊಟ್ಟಿದ್ದರು. ಒಂದು ವರ್ಷ ಅದರ ಜೊತೆ ಗುದ್ದಾಡಿದೆ. ಹತ್ತು ಹೊಡೆತದಲ್ಲಿ ಒಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತಿತ್ತು. ಉಳಿದ ಒಂಬತ್ತಕ್ಕೆ ಕೈ ಝುಂ ಅನ್ನುತ್ತಿತ್ತು, ಚೆಂಡು ಎಲ್ಲೋ ಪೊದೆಯಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಬ್ಯಾಗ್ ಹೊತ್ತಿದ್ದ ಕ್ಯಾಡಿ ಆರನೇ ಹೋಲ್ ತನಕ ಸುಮ್ನೆ ಇದ್ದ. ಆಮೇಲೆ ತಡೆಯಲಾಗಲಿಲ್ಲ. "ಸಾರ್, ಬೇಜಾರು ಮಾಡ್ಕೋಬೇಡಿ. ಇದು ಚಾಕು. ನಿಮ್ಗೆ ಸದ್ಯಕ್ಕೆ ಸೌಟು ಬೇಕು" ಅಂದ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆ ಸೆಟ್ ಬ್ಲೇಡ್ ಜಾತಿಯದು. ದಿನಾ ನಾಲ್ಕು ತಾಸು ಅಭ್ಯಾಸ ಮಾಡುವವರ ಕೈಗೆ ಅದು ಚಾಕು. ವಾರಕ್ಕೊಮ್ಮೆ ಆಡುವ ನಮ್ಮಂಥವರು ಚೆಂಡನ್ನು ಮುಖದ ಮಧ್ಯಕ್ಕೆ ತಾಗಿಸುವುದೇ ಅಪರೂಪ. ನಮಗೆ ಬೇಕಾದ್ದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಕ್ಲಬ್ಬು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಇಷ್ಟು ಕಾಲದಿಂದ ಇಲ್ಲಿ ಆಟ ನಡೆಯುತ್ತಿದ್ದರೂ ಕ್ಲಬ್ ಆರಿಸುವ ಮಾತು ಕನ್ನಡದಲ್ಲಿ ಕ್ಯಾಡಿಗಳ ಬಾಯಲ್ಲೇ ಉಳಿದಿದೆ. ಅವರಿಂದ ಕೇಳಿದ್ದು, ನಾನು ದುಡ್ಡು ಕಳೆದುಕೊಂಡು ಕಲಿತದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಡಗೈಯವರು ಎಡ ಬಲ ಅದಲು ಬದಲು ಮಾಡಿ ಓದಿಕೊಳ್ಳಿ.

1. ಮೊದಲು ನಿಮ್ಮ ತಪ್ಪು ಯಾವುದು ನೋಡಿ

ಅಂಗಡಿಗೆ ಹೋಗುವ ಮೊದಲು ಡ್ರೈವಿಂಗ್ ರೇಂಜಿಗೆ, ಅಂದರೆ ಹೊಡೆದು ಅಭ್ಯಾಸ ಮಾಡುವ ಮೈದಾನಕ್ಕೆ ಹೋಗಿ. ಜೇಬಲ್ಲಿ ಒಂದು ವೈಟ್‌ಬೋರ್ಡ್ ಮಾರ್ಕರ್ ಇರಲಿ. ಚೆಂಡಿನ ಹಿಂಭಾಗದಲ್ಲಿ, ಅಂದರೆ ಕ್ಲಬ್ ತಾಗುವ ಕಡೆ, ದಪ್ಪಗೆ ಒಂದು ಚುಕ್ಕೆ ಹಾಕಿ. ಐರನ್‌ಗಳಿಗೆ ನಂಬರ್ ಇರುತ್ತದೆ, ನಂಬರ್ ದೊಡ್ಡದಾದಷ್ಟೂ ಚೆಂಡು ಎತ್ತರಕ್ಕೇರಿ ಹತ್ತಿರ ಬೀಳುತ್ತದೆ. ಈಗಿರುವ 7-ಐರನ್‌ನಿಂದ ಹೊಡೆಯಿರಿ. ಚುಕ್ಕೆಯ ಬಣ್ಣ ಕ್ಲಬ್ಬಿನ ಮುಖದ ಮೇಲೆ ಅಂಟಿರುತ್ತದೆ. ಎಲ್ಲಿ ಅಂಟಿದೆ ಅಂತ ನೋಡಿ, ಬಟ್ಟೆಯಲ್ಲಿ ಒರೆಸಿ, ಮುಂದಿನ ಚೆಂಡಿಗೆ ಹೋಗಿ. ಹದಿನೈದು ಇಪ್ಪತ್ತು ಚೆಂಡಾದ ಮೇಲೆ ನಿಮ್ಮ ಗುಟ್ಟು ರಟ್ಟಾಗುತ್ತದೆ.

ಕೆಲವರದು ಯಾವಾಗಲೂ ಟೋ ಕಡೆ, ಅಂದರೆ ಕ್ಲಬ್ಬಿನ ಹೊರತುದಿಗೆ. ಕೆಲವರದು ಹೀಲ್ ಕಡೆ, ಶಾಫ್ಟಿನ, ಅಂದರೆ ಕೋಲಿನ ಬುಡಕ್ಕೆ. ತುಂಬಾ ಜನರದು ಮುಖದ ಕೆಳಗಿನ ಒಂದೆರಡು ಗೆರೆಗೆ ತಾಗಿ ಚೆಂಡು ನೆಲ ಸವರಿಕೊಂಡು ಹೋಗುತ್ತದೆ. ಇದು ಥಿನ್. ಇನ್ನು ಕೆಲವರು ಚೆಂಡಿಗಿಂತ ಎರಡು ಇಂಚು ಹಿಂದೆ ನೆಲ ಅಗೆಯುತ್ತಾರೆ. ಇದು ಫ್ಯಾಟ್. ನಾನು ಈ ಕೊನೆಯ ಗುಂಪಿನವನು. ತೋಟದ ಕೆಲಸಕ್ಕೆ ಒಳ್ಳೆಯದು, ಗಾಲ್ಫಿಗೆ ಅಲ್ಲ.

ಫ್ಯಾಟ್ ಹೊಡೆತ ರೇಂಜಿನ ಮ್ಯಾಟ್ ಮೇಲೆ ಸರಿಯಾಗಿ ಗೊತ್ತಾಗುವುದಿಲ್ಲ. ಕ್ಲಬ್ಬು ಹಿಂದೆ ಬಿದ್ದರೂ ಮ್ಯಾಟ್ ಮೇಲೆ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ. ಹುಲ್ಲಿನ ಮೇಲಾಗಿದ್ದರೆ ಅದೇ ಹೊಡೆತ ಅರ್ಧ ದೂರವೂ ಹೋಗುತ್ತಿರಲಿಲ್ಲ. ಅದಕ್ಕೆ ಹುಲ್ಲಿನ ಮೇಲೂ ಒಂದು ಹತ್ತು ಹೊಡೆತ ನೋಡಿ. ಡಿವಾಟ್, ಅಂದರೆ ಕಿತ್ತು ಬಂದ ಹುಲ್ಲಿನ ಹಳ್ಳ, ಚೆಂಡಿದ್ದ ಜಾಗದ ಹಿಂದೆ ಶುರುವಾಗಿದೆಯೋ ಮುಂದೆಯೋ ಗಮನಿಸಿ.

ಹೀಗೆ ಕಂಡಿದ್ದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. "ಟೋ ಕಡೆ ಜಾಸ್ತಿ, ಚೆಂಡು ಬಲಕ್ಕೆ" ಅಂತ ಒಂದು ಸಾಲು ಸಾಕು. ಮುಂದೆ ಕ್ಲಬ್ ಆರಿಸುವುದು ಈ ಸಾಲಿಗಾಗಿ.

2. ಬೆನ್ನು, ಅಡಿ, ಕತ್ತು

ಕ್ರಿಕೆಟ್ ಆಡಿದವರಿಗೆ ಇದು ಬೇಗ ತಿಳಿಯುತ್ತದೆ. ಚೆಂಡು ಬ್ಯಾಟಿನ ಅಂಚಿಗೆ ತಾಗಿದಾಗ ಕೈಯಲ್ಲಿ ಬ್ಯಾಟು ತಿರುಗುತ್ತದೆ ಅಲ್ವಾ? ಗಾಲ್ಫ್ ಕ್ಲಬ್ಬೂ ಹಾಗೇ. ಟೋಗೆ ತಾಗಿದರೆ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡಿನ ವೇಗ ಸತ್ತುಹೋಗುತ್ತದೆ. ಈ ತಿರುಗುವಿಕೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಬ್ಲೇಡ್ ಐರನ್ನಲ್ಲಿ ಹೆಚ್ಚಿನ ತೂಕ ಮುಖದ ಮಧ್ಯದ ಹಿಂದೆ ಇರುತ್ತದೆ. ಕ್ಯಾವಿಟಿ ಬ್ಯಾಕ್ ಐರನ್ನಲ್ಲಿ ಬೆನ್ನನ್ನು ಕೊರೆದು, ಅಲ್ಲಿ ಉಳಿದ ತೂಕವನ್ನು ಸುತ್ತಲಿನ ಅಂಚಿಗೆ ಹಂಚುತ್ತಾರೆ. ಒಂದು ಕೋಲಿನ ಎರಡೂ ತುದಿಗೆ ಕೊಡ ಕಟ್ಟಿ ಹೊತ್ತವನನ್ನು ನೆನೆಸಿಕೊಳ್ಳಿ. ಅವನು ಗಕ್ಕನೆ ತಿರುಗಲಾರ. ಅದೇ ಎರಡು ಕೊಡವನ್ನು ಎದೆಗವಚಿಕೊಂಡವನು ಸುಲಭವಾಗಿ ತಿರುಗುತ್ತಾನೆ. ತೂಕ ತುದಿಗಳಲ್ಲಿದ್ದರೆ ಕ್ಲಬ್ಬಿನ ತಲೆಯೂ ತಿರುಗಲು ಮೊಂಡು ಹಿಡಿಯುತ್ತದೆ. ಅಂಗಡಿಯವರು ಎಂಓಐ ಜಾಸ್ತಿ ಅಂತ ಹೇಳುವುದು ಇದನ್ನೇ.

ಈ ಬೆನ್ನು ಕೊರೆಯುವ ವಿದ್ಯೆಯನ್ನು ಮನೆಮಾತಾಗಿಸಿದವರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು, ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ತಮ್ಮ ಪಟ್ಟಿಂಗ್ (ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವುದು) ಕೆಟ್ಟದಾಗಿದೆ ಅನ್ನುವ ಸಿಟ್ಟಿಗೆ 1959ರಲ್ಲಿ ಕ್ಯಾಲಿಫೋರ್ನಿಯಾದ ಮನೆಯ ಗ್ಯಾರೇಜಿನಲ್ಲಿ ಅದಕ್ಕೆ ಬಳಸುವ ಕ್ಲಬ್ಬು, ಒಂದು ಪಟರ್ ಮಾಡಿದರು. ಚೆಂಡಿಗೆ ತಾಗಿದಾಗ ಅದು 'ಪಿಂಗ್' ಅಂತ ಸದ್ದು ಮಾಡಿತು, ಅದೇ ಕಂಪನಿಯ ಹೆಸರಾಯಿತು. ಆಮೇಲೆ ಅದೇ ತೂಕ ಹಂಚುವ ಲೆಕ್ಕವನ್ನು ಐರನ್‌ಗೆ ತಂದರು. 1982ರಲ್ಲಿ ಬಂದ ಪಿಂಗ್ ಐ2 ನೋಡಲು ಸೊಟ್ಟಗಿತ್ತು, ಆದರೆ ಜನ ಮುಗಿಬಿದ್ದು ಕೊಂಡರು. ಇವತ್ತಿನ ಎಲ್ಲ ಕಂಪನಿಗಳ ಸೌಟುಗಳೂ ಒಂದು ರೀತಿಯಲ್ಲಿ ಅದರ ಮೊಮ್ಮಕ್ಕಳು.

ಅಡಿ, ಅಂದರೆ ಸೋಲ್, ನನ್ನಂಥ ಫ್ಯಾಟ್ ಹೊಡೆಯುವವರಿಗೆ ಬಹಳ ಮುಖ್ಯ. ತೆಳ್ಳಗಿನ ಸೋಲ್ ಪಿಕಾಸಿಯ ಹಾಗೆ ನೆಲಕ್ಕೆ ಇಳಿಯುತ್ತದೆ. ಅಗಲದ ಸೋಲ್ ಗದ್ದೆ ಮಟ್ಟ ಮಾಡುವ ಹಲಗೆಯ ಹಾಗೆ ಮೇಲ್ಮೈಯಲ್ಲಿ ಜಾರುತ್ತದೆ. ಅಡಿ ಅಗಲವಾದರೆ ತೂಕವೂ ಕೆಳಕ್ಕೆ, ಹಿಂದಕ್ಕೆ ಹೋಗುತ್ತದೆ. ಆಗ ಮುಖದ ಕೆಳಗೆ ತಾಗಿದ ಚೆಂಡೂ ಸ್ವಲ್ಪ ಮೇಲೇಳುತ್ತದೆ, ಹಾಗಾಗಿ ಥಿನ್ ಹೊಡೆಯುವವರಿಗೂ ಲಾಭ. ಆದರೆ ಒಂದು ಮಾತು. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆ ಕೆಲವು ಕೋರ್ಸುಗಳ ನೆಲ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅಂಥ ನೆಲದಲ್ಲಿ ತೀರಾ ಅಗಲದ ಸೋಲ್ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯಬಹುದು. ಮಳೆಗಾಲದ ಮೆತ್ತನೆ ನೆಲದಲ್ಲಿ ಅದೇ ಸೋಲ್ ದೇವರ ಹಾಗೆ ಕಾಪಾಡುತ್ತದೆ. ನೀವು ಹೆಚ್ಚು ಆಡುವ ಕೋರ್ಸ್ ಯಾವ ಥರದ್ದು ಅಂತ ಯೋಚಿಸಿ, ಮಧ್ಯಮ ಅಗಲದಿಂದ ಶುರು ಮಾಡಿ.

ಕತ್ತಿನ ಹತ್ತಿರ ನೋಡಬೇಕಾದ್ದು ಆಫ್‌ಸೆಟ್. ಕ್ಲಬ್ಬಿನ ಮುಖ ಶಾಫ್ಟಿಗಿಂತ ಸ್ವಲ್ಪ ಹಿಂದೆ ಸರಿದಿರುತ್ತದೆ. ಇದರಿಂದ ಮುಖ ನೇರವಾಗಲು ಚೂರು ಸಮಯ ಜಾಸ್ತಿ ಸಿಗುತ್ತದೆ. ಚೆಂಡು ಬಲಕ್ಕೆ ಬಾಗುವ ಸ್ಲೈಸ್ ರೋಗ ಇದ್ದವರಿಗೆ ಆಫ್‌ಸೆಟ್ ಒಳ್ಳೆಯ ಮದ್ದು. ಈಗಾಗಲೇ ಎಡಕ್ಕೆ ಹುಕ್ ಮಾಡುವವರು ಜಾಸ್ತಿ ಆಫ್‌ಸೆಟ್ ಇರುವುದರ ತಂಟೆಗೆ ಹೋಗಬೇಡಿ.

ಯಾವ ಕ್ಲಬ್ಬೂ ಮನ್ನಿಸದ ತಪ್ಪೂ ಇದೆ. ಚೆಂಡು ಮುಖ ಬಿಟ್ಟು ಕತ್ತಿಗೇ ಬಡಿದು ಅಡ್ಡಡ್ಡ ಹಾರುವ ಶ್ಯಾಂಕ್ ಅದು. ಅದಕ್ಕೆ ಕೋಚ್ ಹತ್ತಿರವೇ ಹೋಗಬೇಕು.

3. ನಂಬರ್ ನಂಬಬೇಡಿ, ಲಾಫ್ಟ್ ಕೇಳಿ

ಅಂಗಡಿಯಲ್ಲಿ ಹೊಸ 7-ಐರನ್ ಕೊಟ್ಟು ಹೊಡೆಸುತ್ತಾರೆ. ಹಳೆಯದಕ್ಕಿಂತ 15 ಗಜ ದೂರ ಹೋಗುತ್ತದೆ. ನಿಮಗೆ ಖುಷಿ, ಅವರಿಗೆ ಇನ್ನೂ ಖುಷಿ. ಆದರೆ ಆ ಕ್ಲಬ್ಬಿನ ಲಾಫ್ಟ್ ಎಷ್ಟು ಅಂತ ಕೇಳಿದ್ದೀರಾ?

ಲಾಫ್ಟ್ ಅಂದರೆ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವ ಕೋನ. ಕೋನ ಕಡಿಮೆಯಾದರೆ ಚೆಂಡು ಕೆಳಗೆ, ದೂರಕ್ಕೆ ಹೋಗುತ್ತದೆ. 1990ರ ಸುಮಾರಿಗೆ 7-ಐರನ್ 34–35 ಡಿಗ್ರಿ ಇರುತ್ತಿತ್ತು. ತಪ್ಪು ಮನ್ನಿಸಲೆಂದೇ ಮಾಡಿದ ಈಗಿನ ಹಲವು ಗೇಮ್ ಇಂಪ್ರೂವ್‌ಮೆಂಟ್ ಸೆಟ್‌ಗಳಲ್ಲಿ ಅದು 28ರಿಂದ 30 ಡಿಗ್ರಿ. ಪಿಂಗ್ ಜಿ430 ಸೆಟ್ಟಿನ 7-ಐರನ್ 29 ಡಿಗ್ರಿ. ಹಳೆ ಲೆಕ್ಕದಲ್ಲಿ ಅದು ಹೆಚ್ಚು ಕಡಿಮೆ 6-ಐರನ್, ಬೆನ್ನ ಮೇಲೆ 7 ಅಂತ ಬರೆದಿದೆ ಅಷ್ಟೇ.

ಇದನ್ನು ಮೋಸ ಅಂತ ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ತೂಕ ತುಂಬಾ ಕೆಳಗಿರುವುದರಿಂದ ಈ ಕ್ಲಬ್ಬುಗಳು ಚೆಂಡನ್ನು ತಾವಾಗಿಯೇ ಎತ್ತುತ್ತವೆ. ಲಾಫ್ಟ್ ಕಡಿಮೆ ಮಾಡದಿದ್ದರೆ ಚೆಂಡು ಬರೀ ಆಕಾಶಕ್ಕೇ ಹೋಗುತ್ತಿತ್ತು. ತೊಂದರೆ ಬರುವುದು ನಿಧಾನ ಸ್ವಿಂಗ್ ಇರುವವರಿಗೆ, ಅಂದರೆ ಕ್ಲಬ್ಬನ್ನು ನಿಧಾನವಾಗಿ ಬೀಸುವವರಿಗೆ. ಅವರ ಚೆಂಡು ಎತ್ತರಕ್ಕೇರದೆ ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ಬಿದ್ದು, ನಿಲ್ಲದೆ ಆಚೆಗೆ ಉರುಳುತ್ತದೆ.

ಅದಕ್ಕೆ ಚೆಂಡಿನ ದೂರ, ಕೋನ ಅಳೆಯುವ ಲಾಂಚ್ ಮಾನಿಟರ್ ಪರದೆಯಲ್ಲಿ ಒಟ್ಟು ದೂರ ನೋಡಬೇಡಿ. ಕ್ಯಾರಿ ನೋಡಿ, ಅಂದರೆ ಗಾಳಿಯಲ್ಲಿ ಹೋದ ದೂರ. ಆಮೇಲೆ ಚೆಂಡು ಇಳಿಯುವ ಕೋನ ನೋಡಿ. 45 ಡಿಗ್ರಿ ಆಸುಪಾಸಿನಲ್ಲಿದ್ದರೆ ಚೆಂಡು ಗ್ರೀನ್ ಮೇಲೆ ಕೂರುತ್ತದೆ. 40ಕ್ಕಿಂತ ಕೆಳಗಿದ್ದರೆ ಆ ಸೆಟ್ ಬಿಟ್ಟು, ಲಾಫ್ಟ್ ಹೆಚ್ಚಿರುವ ಇನ್ನೊಂದನ್ನು ಕೇಳಿ.

4. ಎಷ್ಟು ಕ್ಲಬ್ ಬೇಕು?

ಬ್ಯಾಗಿನಲ್ಲಿ ಹೆಚ್ಚೆಂದರೆ 14 ಕ್ಲಬ್ ಇಡಬಹುದು. ಹೆಚ್ಚಿನವರಿಗೆ 6-ಐರನ್‌ನಿಂದ ಪಿಚಿಂಗ್ ವೆಜ್ ತನಕ ಸಾಕು. ವೆಜ್ ಅಂದರೆ ಹತ್ತಿರದ ಹೊಡೆತಕ್ಕೆ ಬಳಸುವ, ಲಾಫ್ಟ್ ಹೆಚ್ಚಿರುವ ಐರನ್. 5-ಐರನ್ ನಿಮ್ಮ ಕೈಯಲ್ಲಿ ಗಾಳಿಗೇಳುತ್ತದೆಯಾ ಅಂತ ಹೊಡೆದು ನೋಡಿಯೇ ಸೇರಿಸಿಕೊಳ್ಳಿ. 4-ಐರನ್ ಬೇಡವೇ ಬೇಡ. ಆ ಜಾಗಕ್ಕೆ ಹೈಬ್ರಿಡ್ ತಗೊಳ್ಳಿ. ಅದು ಐರನ್ ಮತ್ತು ದಪ್ಪ ತಲೆಯ ವುಡ್, ಎರಡರ ಬೆರಕೆ.

ಹೈಬ್ರಿಡ್ ಹಿಡಿದರೆ ಮರ್ಯಾದೆ ಹೋಗುತ್ತದೆ ಅಂದುಕೊಳ್ಳುವ ಗೆಳೆಯರು ನನಗಿದ್ದಾರೆ. ಅವರಿಗೆ ಬೆಂಗಳೂರಿನ ಅದಿತಿ ಅಶೋಕ್ ಅವರ ಉದಾಹರಣೆ ಹೇಳುತ್ತೇನೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವರು ನಾಲ್ಕನೇ ಸ್ಥಾನ ಪಡೆದರು. ಡ್ರೈವಿಂಗ್, ಅಂದರೆ ಮೊದಲ ಹೊಡೆತದ ದೂರದಲ್ಲಿ ಅವರು ಅಲ್ಲಿನ ಆಟಗಾರ್ತಿಯರಲ್ಲಿ ತೀರಾ ಹಿಂದೆ ಇದ್ದರು. ಬೇರೆಯವರು ಸಣ್ಣ ಐರನ್ ತೆಗೆಯುವ ಕಡೆ ಅವರು ಹೈಬ್ರಿಡ್, ಫೇರ್‌ವೇ ವುಡ್ ತೆಗೆಯಬೇಕಾಗುತ್ತಿತ್ತು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ನಮಗೆಂಥ ನಾಚಿಕೆ?

ಕೆಳಗಿನ ತುದಿಯನ್ನೂ ನೋಡಿ. ಲಾಫ್ಟ್ ಕಡಿಮೆಯಾದ ಸೆಟ್‌ಗಳಲ್ಲಿ ಪಿಚಿಂಗ್ ವೆಜ್ 41–43 ಡಿಗ್ರಿ ಇರುತ್ತದೆ. ನಿಮ್ಮ ಹಳೆ ಸ್ಯಾಂಡ್ ವೆಜ್ 56 ಡಿಗ್ರಿ ಇರಬಹುದು. ನಡುವೆ ದೊಡ್ಡ ಹಳ್ಳ. 90 ಗಜದ ಹೊಡೆತಕ್ಕೆ ಕ್ಲಬ್ಬೇ ಇಲ್ಲದ ಹಾಗೆ ಆಗುತ್ತದೆ. 48–50 ಡಿಗ್ರಿಯ ಗ್ಯಾಪ್ ವೆಜ್ ಅದೇ ಸೆಟ್ಟಿನದು ಸಿಕ್ಕರೆ ಜೊತೆಗೇ ಕೊಂಡುಬಿಡಿ. ಆಮೇಲೆ ಒಂದೇ ಬಿಡಿಯಾಗಿ ಹುಡುಕುವುದು ತಲೆನೋವು.

5. ಶಾಫ್ಟ್

ಗ್ರಾಫೈಟ್ ಶಾಫ್ಟ್ ಅಂದರೆ ವಯಸ್ಸಾದವರದು ಅನ್ನುವ ಮಾತು ಕ್ಲಬ್ಬುಗಳಲ್ಲಿ ಇನ್ನೂ ಓಡಾಡುತ್ತಿದೆ. ಕಿವಿಗೆ ಹಾಕಿಕೊಳ್ಳಬೇಡಿ. ಐರನ್‌ಗೆ ಹಾಕುವ ಸ್ಟೀಲ್ ಶಾಫ್ಟ್ ಸಾಮಾನ್ಯವಾಗಿ 95ರಿಂದ 130 ಗ್ರಾಂ ತೂಗುತ್ತದೆ. ಗ್ರಾಫೈಟ್ 50ರಿಂದ 80 ಗ್ರಾಂ. ಹಗುರವಾದಷ್ಟೂ ನಿಧಾನ ಸ್ವಿಂಗ್‌ಗೆ ವೇಗ ಸಿಗುತ್ತದೆ, ಮೊಣಕೈಗೆ ಪೆಟ್ಟು ಕಡಿಮೆ ಬೀಳುತ್ತದೆ. ದಿನವಿಡೀ ಕೀಬೋರ್ಡ್ ಕುಟ್ಟಿ ಮಣಿಕಟ್ಟು ನೋಯುವವರಿಗೆ ಇದು ಚಿಕ್ಕ ವಿಷಯ ಏನಲ್ಲ. ಆದರೆ ಗಟ್ಟಿಮುಟ್ಟಾದ, ಜೋರಾಗಿ ಬೀಸುವ ಆಳಿಗೆ ತೀರಾ ಹಗುರದ ಶಾಫ್ಟ್ ಕೊಟ್ಟರೆ ಕ್ಲಬ್ ಎಲ್ಲಿದೆ ಅನ್ನುವುದೇ ಕೈಗೆ ಗೊತ್ತಾಗುವುದಿಲ್ಲ. ಅವರಿಗೆ ಹಗುರ ಸ್ಟೀಲ್ ಸರಿ.

ಫ್ಲೆಕ್ಸ್, ಅಂದರೆ ಶಾಫ್ಟ್ ಎಷ್ಟು ಬಾಗುತ್ತದೆ ಅನ್ನುವ ವಿಷಯದಲ್ಲಿ ಗಂಡಸರ ಜಂಭ ಜಾಸ್ತಿ ಕೆಲಸ ಮಾಡುತ್ತದೆ. ಎಲ್ಲರಿಗೂ ಕಡಿಮೆ ಬಾಗುವ ಸ್ಟಿಫ್ ಬೇಕು. 7-ಐರನ್ ಕ್ಯಾರಿ 130–150 ಗಜ ಇದ್ದರೆ ರೆಗ್ಯುಲರ್‌ನಿಂದ ಶುರು ಮಾಡಿ, ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ ಮೆದುವಾದದ್ದನ್ನು ಹೊಡೆದು ನೋಡಿ. ಇದು ಒರಟು ಲೆಕ್ಕ, ಕೊನೆಯ ಮಾತು ನಿಮ್ಮ ಕೈಯದು.

6. ಹೊಡೆದು ನೋಡುವ ದಿನ

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಇಲ್ಲೇ. ಎರಡನೇ ಸೆಟ್ ಕೊಳ್ಳುವಾಗ ನಾನೂ ಮಾಡಿದೆ. ಅಂಗಡಿಯ ಹುಡುಗ ಬಹಳ ಒಳ್ಳೆಯವನು. ನಾನು ನೆಲ ಅಗೆದಾಗಲೆಲ್ಲ "ಇದನ್ನು ಬಿಡಿ ಸಾರ್, ಸರಿಯಾಗಿ ಬೀಳಲಿಲ್ಲ" ಅಂತ ಆ ಹೊಡೆತವನ್ನು ಮಾನಿಟರ್‌ನಿಂದ ಅಳಿಸಿಬಿಡುತ್ತಿದ್ದ. ಕೊನೆಗೆ ಪರದೆಯ ಮೇಲೆ ಉಳಿದದ್ದು ಆರು ಚೆಂದದ ಹೊಡೆತ. ಅದನ್ನು ನೋಡಿ ಚೆಕ್ಕು ಬರೆದೆ. ಕೋರ್ಸಿಗೆ ಹೋದರೆ ಅಳಿಸುವವರು ಯಾರೂ ಇರಲಿಲ್ಲ.

ಹಾಗಾಗಿ ಮೊದಲೇ ಹೇಳಿಬಿಡಿ: "ಒಂದನ್ನೂ ಅಳಿಸಬೇಡಿ." ಮೂರು ಬೇರೆ ಬೇರೆ 7-ಐರನ್ ತಗೊಳ್ಳಿ. ಒಂದೊಂದರಲ್ಲೂ 12 ಚೆಂಡು. ನಾಲ್ಕು ನಾಲ್ಕಾಗಿ ಬದಲಾಯಿಸುತ್ತಾ ಹೊಡೆಯಿರಿ, ಇಲ್ಲದಿದ್ದರೆ ಕೊನೆಯ ಕ್ಲಬ್ಬಿನ ಸರದಿ ಬರುವ ಹೊತ್ತಿಗೆ ಸುಸ್ತಾಗಿರುತ್ತೀರಿ, ತಪ್ಪು ಅದರ ತಲೆಗೆ ಬರುತ್ತದೆ. ಆಮೇಲೆ ಒಂದೊಂದು ಕ್ಲಬ್ಬಿನ ಅತಿ ದೂರದ ಕ್ಯಾರಿ ಮತ್ತು ಅತಿ ಹತ್ತಿರದ ಕ್ಯಾರಿ ಬರೆದುಕೊಳ್ಳಿ. ಎಡಬಲ ಎಷ್ಟು ಚೆದುರಿದೆ ಅಂತಲೂ ನೋಡಿ.

ಒಂದು ಉದಾಹರಣೆ. ಮೊದಲ ಕ್ಲಬ್ಬಿನಲ್ಲಿ ಒಳ್ಳೆಯದು 158 ಗಜ, ಕೆಟ್ಟದ್ದು 124. ಎರಡನೆಯದರಲ್ಲಿ ಒಳ್ಳೆಯದು 149, ಕೆಟ್ಟದ್ದು 136. ಅಂಗಡಿಯಲ್ಲಿ ಎಲ್ಲರ ಕಣ್ಣೂ 158ರ ಮೇಲೆ ಇರುತ್ತದೆ. ಆದರೆ ಗ್ರೀನಿನ ಮುಂದೆ ಕೆರೆ ಇದ್ದರೆ ನೀವು ಲೆಕ್ಕ ಹಾಕಬೇಕಾದ್ದು 124ನ್ನು. ಎರಡನೆಯ ಕ್ಲಬ್ಬಿನ ಎಲ್ಲ ಹೊಡೆತವೂ 13 ಗಜದೊಳಗೆ ಇದೆ. ಒಂದು ಸಾಧಾರಣ ಗ್ರೀನಿನ ಉದ್ದದಲ್ಲಿ ಅವೆಲ್ಲ ಆರಾಮಾಗಿ ಕೂರುತ್ತವೆ. ಕಣ್ಣು ಮುಚ್ಚಿಕೊಂಡು ಎರಡನೆಯದನ್ನು ತಗೊಳ್ಳಿ.

ಇನ್ನೊಂದು ಪರೀಕ್ಷೆ ಬೇಕೆಂದೇ ತಪ್ಪಾಗಿ ಹೊಡೆಯುವುದು. ನಿಮ್ಮ ರೋಗ ಟೋ ಕಡೆಯದಾದರೆ, ಚೆಂಡಿನಿಂದ ಅರ್ಧ ಇಂಚು ದೂರ ನಿಂತು ನಾಲ್ಕು ಹೊಡೆಯಿರಿ. ಎಷ್ಟು ದೂರ ಕಳೆದುಕೊಂಡಿತು, ಕೈಗೆ ಎಷ್ಟು ಪೆಟ್ಟಾಯಿತು, ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಒಳಗೆ ಟೊಳ್ಳಿರುವ, ಮುಖ ತೆಳ್ಳಗಿರುವ ಕೆಲವು ಐರನ್‌ಗಳು ಇದ್ದಕ್ಕಿದ್ದಂತೆ ಒಂದು ಚೆಂಡನ್ನು 10–12 ಗಜ ಹೆಚ್ಚು ಹಾರಿಸಿಬಿಡುತ್ತವೆ. ಪರದೆಯ ಮೇಲೆ ಖುಷಿ ಕೊಡುತ್ತದೆ, ಆದರೆ ಗ್ರೀನಿನ ಹಿಂದೆ ಬಂಕರ್, ಅಂದರೆ ಮರಳಿನ ಗುಂಡಿ ಇದ್ದಾಗ ಅದೂ ಒಂದು ತಪ್ಪೇ.

7. ಎತ್ತರಕ್ಕೆ ತಕ್ಕ ಲೈ

ಲೈ ಅಂದರೆ ಕ್ಲಬ್ಬನ್ನು ನೆಲಕ್ಕಿಟ್ಟಾಗ ಶಾಫ್ಟ್ ನೆಲದ ಜೊತೆ ಮಾಡುವ ಕೋನ. ಚೆಂಡಿನ ಹಿಂದೆ ಮಾರ್ಕರ್‌ನಿಂದ ನೆಟ್ಟಗೆ ಒಂದು ಗೆರೆ ಎಳೆದು ಹೊಡೆಯಿರಿ. ಮುಖದ ಮೇಲೆ ಬಿದ್ದ ಗೆರೆಯೂ ನೆಟ್ಟಗಿದ್ದರೆ ಲೈ ಸರಿ ಇದೆ. ವಾಲಿದ್ದರೆ ಟೋ ಮೇಲೆದ್ದಿದೆ ಅಥವಾ ಕೆಳಗಿಳಿದಿದೆ ಅಂತ ಅರ್ಥ. ಟೋ ಮೇಲೆದ್ದರೆ ಚೆಂಡು ಎಡಕ್ಕೆ, ಕೆಳಗಿಳಿದರೆ ಬಲಕ್ಕೆ. ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಬಡಿದು ಮಾಡಿದ ತಲೆಯನ್ನು ಬಗ್ಗಿಸುವುದು ಸುಲಭ. ಎರಕ ಹೊಯ್ದ ಗಟ್ಟಿ ತಲೆಯನ್ನು ಒಂದೆರಡು ಡಿಗ್ರಿಗಿಂತ ಜಾಸ್ತಿ ಬಗ್ಗಿಸಲು ಹೋದರೆ ಮುರಿಯಬಹುದು. ತಪ್ಪು ಮನ್ನಿಸುವ ಐರನ್‌ಗಳಲ್ಲಿ ಹೆಚ್ಚಿನವು ಎರಕದವು, ಆದ್ದರಿಂದ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಪಿಂಗ್ ಕಂಪನಿ ಬಣ್ಣದ ಚುಕ್ಕೆಯಲ್ಲಿ ಲೈ ಗುರುತು ಹಾಕುತ್ತದೆ. ಕಪ್ಪು ಚುಕ್ಕೆ ಅಂದರೆ ಸ್ಟ್ಯಾಂಡರ್ಡ್.

8. ಸೆಕೆಂಡ್ ಹ್ಯಾಂಡ್ ಆದರೆ

ದೊಡ್ಡ ಕಂಪನಿಯ ಹೊಸ ಸೆಟ್ಟಿಗೆ ಲಕ್ಷ ರೂಪಾಯಿಯ ಸುತ್ತಮುತ್ತ ಬೇಕಾಗುತ್ತದೆ. ಅಷ್ಟು ಕೊಡುವ ಅವಸರ ಏನೂ ಇಲ್ಲ. ಕ್ಯಾವಿಟಿ ಬ್ಯಾಕ್ ವಿದ್ಯೆ ಐದಾರು ವರ್ಷದಲ್ಲಿ ಹಳಸುವಂಥದ್ದಲ್ಲ. 2017ರ ಪಿಂಗ್ ಜಿ400, 2018ರ ಟೇಲರ್‌ಮೇಡ್ ಎಂ4 ಅಥವಾ ಕ್ಯಾಲವೇ ರೋಗ್, 2020ರ ಕ್ಯಾಲವೇ ಮಾವ್ರಿಕ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಹೊಸ ಆಟಗಾರನಿಗೆ ಧಾರಾಳ ಸಾಕು.

ಕೈಗೆ ತಗೊಂಡಾಗ ಮುಖದ ಗೆರೆಗಳ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳಬೇಕು. ವೆಜ್ ಮತ್ತು 9-ಐರನ್ ಗೆರೆಗಳು ಮೊದಲು ಸವೆಯುತ್ತವೆ. ತಲೆ ಅಲ್ಲಾಡಿಸಿದರೆ ಒಳಗೆ ಏನೂ ಗಲಗಲ ಅನ್ನಬಾರದು. ಸ್ಟೀಲ್ ಶಾಫ್ಟಿನ ಬುಡದಲ್ಲಿ ತುಕ್ಕು ಇದ್ದರೆ ಬೇಡ. ಕರಾವಳಿ ಕಡೆಯಿಂದ ಬಂದ ಸೆಟ್ಟಿನಲ್ಲಿ ಇದನ್ನು ವಿಶೇಷವಾಗಿ ನೋಡಿ. ಎಲ್ಲ ಶಾಫ್ಟಿನ ಮೇಲಿನ ಸ್ಟಿಕ್ಕರ್ ಒಂದೇ ಥರ ಇದೆಯಾ ನೋಡಿ, ಮುರಿದದ್ದಕ್ಕೆ ಬೇರೆ ಜಾತಿಯದನ್ನು ಜೋಡಿಸಿರುತ್ತಾರೆ. ಗ್ರಿಪ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಹೊಸ ಗ್ರಿಪ್ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಆನ್‌ಲೈನಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಹೊಚ್ಚ ಹೊಸ ಸೆಟ್ ಕಾಲು ಬೆಲೆಗೆ ಕಂಡರೆ ನಕಲಿ ಅಂತಲೇ ಅಂದುಕೊಳ್ಳಿ. ಕತ್ತಿನ ಹತ್ತಿರ ಸೀರಿಯಲ್ ನಂಬರ್ ಇದೆಯಾ, ಅಕ್ಷರದೊಳಗಿನ ಬಣ್ಣ ಅಚ್ಚುಕಟ್ಟಾಗಿದೆಯಾ ನೋಡಿ. ಕ್ಲಬ್ಬಿನ ಪ್ರೊ ಶಾಪಿನಲ್ಲಿ, ಇಲ್ಲವೇ ಸೆಟ್ ಬದಲಾಯಿಸುತ್ತಿರುವ ಸದಸ್ಯರಿಂದ ಕೊಳ್ಳುವುದು ವಾಸಿ. ಯಾರು ಬದಲಾಯಿಸುತ್ತಿದ್ದಾರೆ ಅನ್ನುವುದು ಕ್ಯಾಡಿಗಳಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ನನ್ನ ಈಗಿನ ಸೆಟ್ ಸಿಕ್ಕಿದ್ದೂ ಅದೇ ಸೌಟಿನ ಮನುಷ್ಯನ ಮೂಲಕ.

ಸೆಟ್ ಮನೆಗೆ ಬಂದ ಮೇಲೆ ಒಂದು ತಿಂಗಳು ಪ್ರತಿ ಕ್ಲಬ್ಬಿನ ಮಾಮೂಲಿ ಕ್ಯಾರಿಯನ್ನು ಚೀಟಿಯಲ್ಲಿ ಬರೆದು ಬ್ಯಾಗಿನ ಜೇಬಲ್ಲಿಡಿ. ಅದರ ಮೇಲೆ ಯಾವ ಊರಿನ ಲೆಕ್ಕ ಅಂತಲೂ ಬರೆಯಿರಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ಇಲ್ಲಿ ಸುಮಾರು 3 ಪರ್ಸೆಂಟ್ ಜಾಸ್ತಿ ಹೋಗುತ್ತದೆ. 150 ಗಜಕ್ಕೆ ನಾಲ್ಕೈದು ಗಜ. ಚೆನ್ನೈಗೆ ಹೋದಾಗ ಇದನ್ನು ಮರೆತು ಬೆಳಗಿನಿಂದ ಎಲ್ಲ ಹೊಡೆತವೂ ಗ್ರೀನಿನ ಅಂಚಿಗೇ ನಿಂತವು. ಹೊಸ ಸೆಟ್ ಕೆಟ್ಟಿದೆ ಅಂತ ಮಧ್ಯಾಹ್ನದ ತನಕ ಬೈಯುತ್ತಲೇ ಇದ್ದೆ.